ಮಷಿನ್ ನನ್ನ ಗಾಡಿ ಮೇಲೆ ಇದೆ

ಮಷಿನ್ ಅರ್ಧ ಹತ್ತಿತ್ತು. ಮುಂಭಾಗ ಟ್ರೈಲರಿನ ಹಲಗೆ ಮೇಲೆ, ಹಿಂಭಾಗ ಇನ್ನೂ ಇಳಿಜಾರಿನ ಮೇಲೆ. ನಾನು ಕೆಳಗೆ ನಿಂತು ಕೈ ಮಾಡುತ್ತಿದ್ದೆ.

“ಎಡಕ್ಕ ಕಾಕಾ, ಎಡಕ್ಕ. ಸಾಕು. ಇನ್ನ ನೇರ ಬಿಡ್ರಿ.”

“ನೇರ ಬಿಡ್ಲಿಕ್ಕೆ ಜಾಗಾ ಎಲ್ಲದೋ? ನಿನ್ನ ಹಲಗಿ ನನ್ನ ಮಷಿನ್‌ಕಿಂತ ಸಣ್ಣದು,” ಎಂದು ಆಪರೇಟರ್ ಮೇಲಿನಿಂದ ಕೂಗಿದ.

ಅವನು ದಿನಾ ಹೀಗೇ ಅನ್ನುತ್ತಾನೆ. ರಾಯಚೂರು ಕಡೆಯವನು, ವಯಸ್ಸಾದವನು, ನಾನು ಕಾಕಾ ಎನ್ನುತ್ತೇನೆ. ಮಷಿನ್ ಎಂದರೆ ಪೋಕ್ಲೇನ್, ಮಣ್ಣು ಅಗೆಯುವ ದೊಡ್ಡದು. ಅದಕ್ಕೆ ಗಾಲಿ ಇಲ್ಲ, ಕಬ್ಬಿಣದ ಪಟ್ಟಿ. ತಾನೇ ರಸ್ತೆಗೆ ಇಳಿದರೆ ಡಾಂಬರು ಕಿತ್ತು ಹೋಗುತ್ತದೆ. ಅದಕ್ಕೇ ನನ್ನಂಥವನು ಬೇಕು. ನನ್ನದು ಬಯಲು ಟ್ರೈಲರ್. ಪಕ್ಕಕ್ಕೆ ಗೋಡೆ ಇಲ್ಲ, ಮೇಲೆ ಮುಚ್ಚಿಗೆ ಇಲ್ಲ, ಬರೀ ಹಲಗೆ.

ಅವತ್ತು ನವಮಿ. ಕಳಂಬೋಲಿಯ ನಮ್ಮ ಯಾರ್ಡಿನಲ್ಲಿ ಬೆಳಿಗ್ಗೆಯೇ ತಡ ಶುರುವಾಗಿತ್ತು. ನಾವು ಕರ್ನಾಟಕದವರು ಗಾಡಿಗೆ ನವಮಿಯ ದಿನ ಪೂಜೆ ಮಾಡುತ್ತೇವೆ. ನಮ್ಮ ಸೇಟ್ ಮರಾಠಿಯವನು, ಅವನದು ಮರುದಿನ ದಸರಾಕ್ಕೆ. ಹಾಗಾಗಿ ಅರ್ಧ ಡ್ರೈವರುಗಳು ಗಾಡಿ ತೊಳೆಯಲು ನೀರಿಗೆ ಜಗಳ ಆಡುತ್ತಿದ್ದರು, ಇನ್ನರ್ಧ ಜನ ದಾರಿ ಬಿಡಿ ಎಂದು ಜಗಳ ಆಡುತ್ತಿದ್ದರು. ನಾನು ಗಾಡಿ ತೊಳೆಯಲಿಲ್ಲ. ಬಾಡಿಗೆ ಮುಗಿಸಿ ಬಂದು ತೊಳೆಯೋಣ ಎಂದುಕೊಂಡೆ. ಎಲ್ಲಿಗೆ ಬಾಡಿಗೆ ಎಂದು ಸೇಟ್ ಸರಿಯಾಗಿ ಹೇಳಿರಲಿಲ್ಲ. ಡೊಂಬಿವಿಲಿ ಕಡೆ ನಡಿ, ಜಾಗ ಫೋನಿಗೆ ಕಳಿಸುತ್ತೇನೆ ಎಂದಿದ್ದ. ಯಾವಾಗಲೂ ಹಾಗೇ.

ಮಷಿನ್ ಹತ್ತಿತು. ಸರಪಳಿ ಬಿಗಿದೆ. ಕಾಕಾ ಬಂದು ನನ್ನ ಪಕ್ಕ ಕೂತ.

ತಳೋಜಾ ದಾಟಿ ಶಿಳ್ ಫಾಟಾಕ್ಕೆ ಬಂದರೆ ಟ್ರಾಫಿಕ್ ಪೊಲೀಸ್ ಕೋಲು ಅಡ್ಡ ಹಿಡಿದ. ದೊಡ್ಡ ಗಾಡಿಗಳಿಗೆ ಬೆಳಿಗ್ಗೆ ಬಿಡುವುದಿಲ್ಲ, ಆಫೀಸಿಗೆ ಹೋಗುವವರ ಹೊತ್ತು ಮುಗಿಯಬೇಕು. ನನಗದು ಗೊತ್ತಿತ್ತು. ಹಬ್ಬದ ದಿನ ಬೇಗ ಬಿಡುತ್ತಾರೆ ಎಂದುಕೊಂಡಿದ್ದೆ.

“ಬಾಜೂಲಾ ಘೇ,” ಎಂದ ಪೊಲೀಸ್.

ಪಕ್ಕಕ್ಕೆ ತೊಗೊಂಡೆ. ಅಲ್ಲಿ ಆಗಲೇ ಟ್ರೈಲರು, ಕಂಟೇನರು, ಟ್ಯಾಂಕರು ಸಾಲಾಗಿ ನಿಂತಿದ್ದವು. ಡ್ರೈವರುಗಳು ಚಹಾ ಅಂಗಡಿ ಮುಂದೆ ಕೂತಿದ್ದರು. ಸೇಟ್‌ನ ಫೋನ್ ಬಂತು.

“ಕಿಧರ್ ಹೈ ತೂ?”

“ಶಿಳ್ ಫಾಟಾ, ಸೇಟ್.”

“ಸಬ್ ಶಿಳ್ ಫಾಟಾಚ್ ಬೋಲ್ತೇ ಹೈ.”

ಅದೂ ನಿಜವೇ. ಈ ಕಡೆಯ ಡ್ರೈವರುಗಳು ಎಲ್ಲಿದ್ದರೂ ಶಿಳ್ ಫಾಟಾ ಎನ್ನುತ್ತಾರೆ. ಮನೆಯಲ್ಲಿ ಹಾಸಿಗೆ ಮೇಲೆ ಇದ್ದರೂ ಶಿಳ್ ಫಾಟಾ. ಅವತ್ತು ಮಾತ್ರ ನಾನು ಖರೇ ಹೇಳಿದೆ, ಅವನು ನಂಬಲಿಲ್ಲ. ಜಾಗ ಕಳಿಸಿದ್ದೇನೆ ನೋಡು, ಬೇಗ ಹೋಗು, ಸಾಹೇಬರು ಕಾಯುತ್ತಿದ್ದಾರೆ ಎಂದು ಬೈದು ಫೋನ್ ಇಟ್ಟ.

ಫೋನಿನಲ್ಲಿ ಜಾಗ ತೆರೆದು ನೋಡಿದೆ. ಕೆಂಪು ಗುರುತು ಠಾಕುರ್ಲಿ ಹತ್ತಿರದ ನಾಲಾ ಎನ್ನುವ ದೊಡ್ಡ ಚರಂಡಿ ಮೇಲೆ ಇತ್ತು. ಬೆರಳಿಂದ ದೊಡ್ಡದು ಮಾಡಿದೆ. ನಾಲಾ ಬದಿಯ ತಗಡಿನ ಮನೆಗಳು, ಕೊನೆಗೆ ನಲ್ಲಿ, ನಲ್ಲಿ ಎದುರಿಗೆ ನಮ್ಮ ಚಿಗವ್ವನ ಖೋಲಿ.

ನಾನು ದೊಡ್ಡವನಾದದ್ದು ಆ ಖೋಲಿಯಲ್ಲಿ. ನಮ್ಮವ್ವ ವಿಜಯಪುರದ ಕಡೆ ಊರಲ್ಲಿ ಸತ್ತಾಗ ನಾನು ಸಣ್ಣವನು. ಅವಳ ತಂಗಿ ಬಂದು ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಳು. ಚಿಗವ್ವ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದಳು, ಜಲ್ಲಿ ಖಡಿ ಹೊರುತ್ತಿದ್ದಳು. ಅವಳ ಗಂಡ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಲೋಡಿಂಗ್ ಮಾಡುತ್ತಿದ್ದ. ಬೆನ್ನು ಹೋಯಿತು, ಆಮೇಲೆ ಅವನೂ ಹೋದ. ಅವರಿಗೆ ಮಕ್ಕಳಿರಲಿಲ್ಲ. ನಾನೇ ಇದ್ದೆ. ಈಗ ನಾನು ಕಳಂಬೋಲಿಯಲ್ಲಿ ಬೇರೆ ಡ್ರೈವರುಗಳ ಜೊತೆ ಇರುತ್ತೇನೆ. ವಾರಕ್ಕೊಮ್ಮೆ ಅವಳ ಹತ್ತಿರ ಹೋಗಿ ರೊಟ್ಟಿ ತಿಂದು ಬರುತ್ತೇನೆ.

ಆ ಮನೆಗಳ ಸಾಲು ತೆಗೆಯುತ್ತಾರೆ ಎನ್ನುವುದು ಹೊಸದಲ್ಲ. ಮಳೆಗಾಲಕ್ಕೆ ಮುಂಚೆಯೇ ಮುನ್ಸಿಪಾಲ್ಟಿಯವರು ನೋಟೀಸ್ ಹಚ್ಚಿದ್ದರು. ನಾಲಾ ಅಗಲ ಮಾಡಬೇಕಂತೆ. ಮಳೆಯಲ್ಲಿ ಮನೆ ಕೆಡವುವುದಿಲ್ಲ, ಹಾಗಾಗಿ ಮಳೆ ನಿಲ್ಲುವ ತನಕ ಉಳಿದಿತ್ತು. ಕೆಲವರು ಹೊರಟುಹೋದರು. ಚಿಗವ್ವನಿಗೆ ನಾನು ದಿವಾದಲ್ಲಿ ಒಂದು ಖೋಲಿ ನೋಡಿದ್ದೆ. ಮೊದಲೇ ಹೋಗಬಹುದಿತ್ತು. ಆದರೆ ಅವಳು ಯಲ್ಲವ್ವನ ಘಟ್ಟ ಹಾಕಿದ್ದಳು.

ಘಟ್ಟ ಎಂದರೆ ಪರಾತ ಎನ್ನುವ ಅಗಲ ತಟ್ಟೆಯ ಮಣ್ಣಲ್ಲಿ ಕಾಳು ಬಿತ್ತಿ, ನಡುವೆ ನೀರಿನ ಕೊಡ ಇಟ್ಟು, ಪಕ್ಕದಲ್ಲಿ ದೀಪ ಹಚ್ಚುವುದು. ದಸರಾ ತನಕ ದೀಪ ಆರಬಾರದು, ಕೊಡ ಅಲುಗಬಾರದು. ದಶಮಿ ಬೆಳಿಗ್ಗೆ ಪೂಜೆ ಮಾಡಿ ಎಬ್ಬಿಸಬೇಕು. ಅಲ್ಲಿಯವರೆಗೆ ಮನೆಯವಳು ಮನೆ ಬಿಡುವ ಹಾಗಿಲ್ಲ. ಗಂಡ ಸತ್ತ ವರ್ಷವೂ ಅವಳು ಹಾಕಿದ್ದಳು. “ಈ ಸಲ ಬಿಡು ಚಿಗವ್ವಾ, ಮನಿ ಕೆಡವಾಕ ಬರ್ತಾರ” ಎಂದು ನಾನು ಮೊದಲೇ ಹೇಳಿದ್ದೆ. “ಮನಿ ಹೋಗ್ತೈತಿ ಅಂತ ದೇವ್ರನ್ನೂ ಬಿಡ್ಲೇನು? ದಶಮಿಗೆ ಎಬ್ಬಿಸಿ ಅವತ್ತ ಬರ್ತೀನಿ” ಎಂದಿದ್ದಳು. ನಾನು ಹೂಂ ಎಂದಿದ್ದೆ. ಒಂದೇ ದಿನ ಬೇಕಿತ್ತು ಅವಳಿಗೆ.

ನಾನು ಗಾಡಿಯಿಂದ ಇಳಿದು ದೂರ ಹೋಗಿ ಫೋನ್ ಹಚ್ಚಿದೆ.

“ಚಿಗವ್ವಾ, ಅಲ್ಲೆ ಯಾರರೆ ಬಂದಾರೇನು?”

“ಹೂವಿನಾಂವ ಬಂದಿದ್ದ. ನಾಳಿಗಿ ಹೂವು ತೊಗೊಂಡೆ. ಅರ್ಧ ಬಾಡಿದ್ದು ಕೊಟ್ಟು ಹೋದ ಭಾಡ್ಯಾ.”

“ಪೊಲೀಸ್ರು?”

“ಮೂಲ್ಯಾಗ ಗಾಡಿ ನಿಂತೈತಂತ. ಹುಡುಗ್ರು ನೋಡಿ ಬಂದ್ವು. ಯಾಕೋ?”

“ಇವತ್ತ ಕೆಡವಾಕ ಬರಾಕತ್ತಾರ.”

“ನಾಳಿ ಘಟ್ಟ ಏಳ್ತೈತಲ್ಲೋ ತಮ್ಮಾ. ಒಂದ್ ದಿನ ತಡೀರಿ ಅಂತ ಹೇಳು ಅವ್ರಿಗೆ,” ಎಂದಳು. ಸಾಹೇಬರೆಲ್ಲ ನನ್ನ ಮಾತು ಕೇಳುತ್ತಾರೆ ಎನ್ನುವ ಹಾಗೆ.

“ನಾ ಯಾರಿಗೆ ಹೇಳ್ಲಿ? ನೀ ಒಂದ್ ಮಾತ್ ಕೇಳು. ಮಷಿನ್ ನನ್ನ ಗಾಡಿ ಮ್ಯಾಲ ಐತಿ.”

“ಯಾವ ಮಷಿನ್?”

“ಕೆಡವೋ ಮಷಿನ್. ಅಲ್ಲಿಗೇ ತರಾಕತ್ತೀನಿ. ಈಗ ಗೊತ್ತಾತು ನನಗ. ಇಲ್ಲಿ ಪೊಲೀಸ್ ನಿಂದ್ರಿಸ್ಯಾನ. ಮುಂದ ರೋಡ್ ಪೂರಾ ಜಾಮ್ ಐತಿ. ನಾ ಬರೂ ತನಕ ಅವ್ರು ಏನೂ ಮಾಡಾಕ ಬರಂಗಿಲ್ಲ. ಹೊತ್ತ ಮುಳಗಿದ ಮ್ಯಾಲ ಕೆಡವಂಗಿಲ್ಲ. ನಾಳಿ ದಸರಾ, ಆಫೀಸ್ ಬಂದ್. ನೀ ಸುಮ್ನ ಕುಂದ್ರು.”

“ಖರೇನ?”

“ಖರೇ. ನಾ ಬರೂ ತನಕ ಒಂದ್ ತಗಡು ಅಲುಗಂಗಿಲ್ಲ.”

ಅವಳು ನಕ್ಕಳು. “ಹಂಗಾದ್ರ ಸಾವಕಾಶ ಬಾರೋ ನನ್ನಪ್ಪಾ. ದಿನಾ ಲಗೂ ಬಾ ಲಗೂ ಬಾ ಅಂತಿದ್ದೆ. ಇವತ್ತ ಸಾವಕಾಶ ಬಾ.”

ನಾನು ಚಹಾ ಅಂಗಡಿಗೆ ಹೋಗಿ ಕೂತೆ. ಪೊಲೀಸ್ ಬಿಟ್ಟ ಮೇಲೂ ಚಹಾ ಮುಗಿಸಿಯೇ ಎದ್ದೆ. ಬೇಕೆಂದೇ ತಡ ಮಾಡುವ ಕೆಲಸವೇ ಇರಲಿಲ್ಲ ನನಗೆ. ಕಲ್ಯಾಣದ ಕಡೆಗೆ ಹೋಗುವ ಆ ರಸ್ತೆಯಲ್ಲಿ ಮೆಟ್ರೋ ಕಂಬದ ಕೆಲಸ ನಡೆದಿತ್ತು. ನಡುವೆ ತಗಡು ಕಟ್ಟಿ, ಉಳಿದ ಜಾಗದಲ್ಲಿ ಒಂದು ದೊಡ್ಡ ಗಾಡಿ ಮಾತ್ರ ಹೋಗುವಷ್ಟು ಬಿಟ್ಟಿದ್ದರು. ಕಾಟೈ ನಾಕಾದ ಹತ್ತಿರ ಒಂದು ಕಂಟೇನರ್ ಕೆಟ್ಟು ನಿಂತಿತ್ತು. ಅದರ ಹಿಂದೆ ಬಸ್ಸು, ಆಟೋ, ಹೂವಿನ ಟೆಂಪೋ, ಎಲ್ಲ ನಿಂತವು. ಎಲ್ಲರೂ ಹಾರ್ನ್ ಹೊಡೆದರು. ನಾನು ಹೊಡೆಯಲಿಲ್ಲ. ಇಂಜಿನ್ ಬಂದ್ ಮಾಡಿ ಕಾಲು ಮೇಲೆ ಹಾಕಿ ಕೂತೆ.

ನನ್ನ ಜೀವನದಲ್ಲಿ ಜಾಮ್ ನೋಡಿ ಖುಷಿ ಪಟ್ಟದ್ದು ಅದೊಂದೇ ದಿನ. ಕ್ರೇನ್ ಬರಲಿಲ್ಲ ಎಂದರು. ಸರಿ ಎಂದೆ. ಕ್ರೇನ್ ಬಂತು, ಅದೇ ಜಾಮಿನಲ್ಲಿ ಹಿಂದೆ ಸಿಕ್ಕಿಹಾಕಿಕೊಂಡಿದೆ ಎಂದರು. ಇನ್ನೂ ಚಲೋ ಆಯಿತು ಎಂದುಕೊಂಡೆ. ಬಿಸಿಲು ನೆತ್ತಿಗೆ ಬಂತು. ಸೇಟ್ ಮತ್ತೆ ಮತ್ತೆ ಫೋನ್ ಮಾಡಿದ. ಜಾಮ್ ಎಂದೆ. ಫೋಟೋ ಕಳಿಸು ಎಂದ. ಕಳಿಸಿದೆ.

ಚಿಗವ್ವ ತಾನೇ ಫೋನ್ ಮಾಡಿದಳು.

“ಎಲ್ಲಿ ಅದಿ?”

“ಕಾಟೈ. ಜಗ್ಗಂಗಿಲ್ಲ ಗಾಡಿ.”

“ಯಲ್ಲವ್ವನ ಆಟ ನೋಡು,” ಎಂದಳು. ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು. “ಸಾಲಿನಾಗ ಎಲ್ಲಾರಿಗೂ ಹೇಳೀನಿ, ನಮ್ಮ ಹುಡುಗನ ಗಾಡ್ಯಾಗ ಐತಿ ಮಷಿನ್ ಅಂತ. ಬಾಜೂ ಮನಿಯಾಕಿ ಟ್ರಂಕು, ಗ್ಯಾಸು ಎಲ್ಲಾ ಹೊರಗ ಇಟ್ಟಿದ್ಲು. ಒಳಗ ಇಡಬೇ ಹುಚ್ಚಿ ಅಂದೆ. ಈಗ ಹೋಳಿಗಿಗೆ ಬ್ಯಾಳಿ ಇಟ್ಟಾಳ.”

“ಚಲೋ ಆತು.”

“ನಿನಗೂ ಎರಡ ತಗದ ಇಡ್ತೀನಿ.”

ಆಮೇಲೆ ನಾನು ಸೀಟಿಗೆ ಒರಗಿ ನಗುತ್ತಿದ್ದೆನಂತೆ. ನನಗೆ ತಿಳಿಯಲಿಲ್ಲ. ಕಾಕಾ ನೋಡಿದ.

“ಯಾಕೋ, ಮಂದಿ ಎಲ್ಲಾ ಹಾರ್ನ್ ಬಡೀಲಿಕತ್ತದ, ನೀ ಒಬ್ಬಾಂವ ನಗ್ಲಿಕತ್ತೀದಿ. ಲಗ್ನ ಗೊತ್ತಾಗ್ಯದೇನು?”

“ನಮಗ ಯಾರ್ ಕನ್ಯಾ ಕೊಡ್ತಾರ ಕಾಕಾ?”

“ಹೌದು. ನಿನ್ನ ಹಲಗಿ ಮ್ಯಾಲ ಕುಂದ್ರಿಸಿ ಮದಿವಿ ಮೆರವಣಿಗಿ ತೆಗೀಬೇಕಾಗ್ತದ.”

ಅವನು ತಂಬಾಕು ತಿಕ್ಕುತ್ತಿದ್ದ. ಖುಷಿಯಲ್ಲಿದ್ದೆ, ಅವನಿಗೆ ಹೇಳಿಬಿಟ್ಟೆ. ನಾವು ಹೊರಟಿರುವ ಜಾಗದಲ್ಲಿ ನಮ್ಮ ಚಿಗವ್ವ ಇದ್ದಾಳೆ, ಘಟ್ಟ ಹಾಕಿದ್ದಾಳೆ, ನಾವು ತಡವಾದಷ್ಟೂ ಅವಳಿಗೆ ಒಳ್ಳೆಯದು, ಇವತ್ತೊಂದು ದಿನ ಕಳೆದರೆ ಸಾಕು ಎಂದು.

ಕಾಕಾ ತಂಬಾಕು ತಿಕ್ಕುವುದು ನಿಲ್ಲಿಸಿದ.

“ಎಂಥಾ ಮನಿ?”

“ಕೆಳಗ ಇಟ್ಟಂಗಿ, ಮ್ಯಾಲ ತಗಡು.”

“ಅದಕ್ಕ ಪೋಕ್ಲೇನ್ ಯಾಂವ ತರ್ತಾನೋ?” ಎಂದ. ಬೈಯುವ ಹಾಗಿರಲಿಲ್ಲ, ಮೆಲ್ಲಗೆ ಹೇಳಿದ. “ಇದು ನಾಲಾ ಅಗೀಲಿಕ್ಕೆ. ಮನಿ ಎಲ್ಲಾ ತೆಗದ ಮ್ಯಾಲ ನನ್ನ ಕೆಲಸ. ಹಬ್ಬ ಮುಗದ ಕೂಡ್ಲೇ ಶುರು ಮಾಡು ಅಂತ ಸೇಟ್ ನನಗ ಹೇಳ್ಯಾನ. ತಗಡಿನ ಮನಿಗಿ ಜೆಸಿಬಿ ಸಾಕು. ಅದಕ್ಕ ಗಾಲಿ ಅವ. ಅದು ತನ್ನಷ್ಟಕ್ಕ ತಾನ ಹೋಗ್ತದ. ನಿನ್ನ ಗಾಡಿ ಯಾಕ ಕಾಯ್ತದ?”

ಜೆಸಿಬಿ ನನಗೆ ಗೊತ್ತಿಲ್ಲದ್ದೇನಲ್ಲ. ದಿನಾ ರಸ್ತೆಯಲ್ಲಿ ನನ್ನ ಪಕ್ಕದಲ್ಲೇ ಓಡುತ್ತವೆ. ಆದರೆ ನಾನು ಅದನ್ನು ಯೋಚಿಸಲೇ ಇಲ್ಲ. ನಾನು ಹೊರುವುದು ಪೋಕ್ಲೇನ್. ಮಷಿನ್ ಎಂದರೆ ನಾನು ಹೊತ್ತು ತಂದರೆ ಮಾತ್ರ ಬರುವಂಥದ್ದು ಎಂದು ನನ್ನ ತಲೆಯಲ್ಲಿ ಕೂತಿತ್ತು. ಬೇರೆ ಕೆಲಸದವನಾಗಿದ್ದರೆ ಅವಳಿಗೆ ಸಾಮಾನು ಹೊರಗಿಡು ಎಂದು ಹೇಳುತ್ತಿದ್ದೆ. ಟ್ರೈಲರಿನವನು ಆದ್ದರಿಂದ ಕೂತಿರು ಎಂದೆ.

ಫೋನ್ ಹಚ್ಚಿದೆ. ರಿಂಗ್ ಆಗಿ ನಿಂತಿತು. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಹೋಳಿಗೆ ಮಾಡುತ್ತಿರಬೇಕು, ಕೈ ಹಿಟ್ಟಾಗಿರಬೇಕು ಎಂದುಕೊಂಡೆ. ಮತ್ತೆ ಹಚ್ಚಿದೆ. ಈ ಸಲ ಯಾರೋ ಎತ್ತಿದರು. ಗದ್ದಲ ಕೇಳಿಸಿತು, ತಗಡಿನ ಸದ್ದು ಕೇಳಿಸಿತು. “ಚಿಗವ್ವಾ” ಎಂದೆ. ಕಟ್ ಆಯಿತು. ಆಮೇಲೆ ರಿಂಗೂ ಆಗಲಿಲ್ಲ.

ಆಮೇಲೆ ಆ ರಸ್ತೆಯೇ ನನಗೆ ಬೇರೆಯಾಯಿತು. ಬೆಳಿಗ್ಗೆಯಿಂದ ಚಲೋ ಅನಿಸಿದ ಗಾಡಿಗಳೇ ಈಗ ಅಡ್ಡ ನಿಂತಿದ್ದವು. ನಾನೂ ಹಾರ್ನ್ ಹೊಡೆಯಲು ಶುರು ಮಾಡಿದೆ. ಮುಂದಿನ ಬಸ್ಸಿನವನು ಕಿಟಕಿಯಿಂದ ತಲೆ ಹಾಕಿ, ಇಷ್ಟು ಹೊತ್ತು ಮಲಗಿದ್ದೆಯಾ ಎಂದು ಮರಾಠಿಯಲ್ಲಿ ಬೈದ.

“ಇಳದು ಆಟೋ ಹಿಡದು ಹೋಗು,” ಎಂದ ಕಾಕಾ.

“ಗಾಡಿ?”

ಅವನು ಸ್ಟೇರಿಂಗ್ ನೋಡಿದ. ಅವನಿಗೆ ಪೋಕ್ಲೇನ್ ನಡೆಸಲು ಬರುತ್ತದೆ, ಟ್ರೈಲರ್ ಬರುವುದಿಲ್ಲ. ಒಂದೇ ಗಾಡಿ ಹೋಗುವ ದಾರಿ. ಕಂಟೇನರ್ ಸರಿದ ಕೂಡಲೇ ಎಲ್ಲರೂ ನುಗ್ಗುತ್ತಾರೆ. ನನ್ನ ಗಾಡಿ ಅಲ್ಲೇ ನಿಂತರೆ ಹಿಂದಿನವರು ಕಾಕಾನನ್ನು ಸುಮ್ಮನೆ ಬಿಡುವುದಿಲ್ಲ. ಹಿಂದೆ ಒಂದು ಆಂಬ್ಯುಲೆನ್ಸ್ ಕೂಡ ನಿಂತಿತ್ತು. ನಾನು ಇಳಿಯಲಿಲ್ಲ. ಇಳಿದಿದ್ದರೂ ಆಟೋ ಎಲ್ಲಿಂದ ಬರುತ್ತದೆ, ಅವೂ ಅಲ್ಲೇ ಸಿಕ್ಕಿದ್ದವು. ನಡೆದು ಹೋಗುವಷ್ಟು ಹತ್ತಿರವೂ ಅಲ್ಲ. ಇದನ್ನೆಲ್ಲ ಅವತ್ತು ಯೋಚಿಸಿದೆನೋ ಇಲ್ಲವೋ ಗೊತ್ತಿಲ್ಲ. ಕೂತೆ, ಅಷ್ಟೇ.

ಕೊನೆಗೆ ಕ್ರೇನ್ ಬಂದು ಕಂಟೇನರ್ ಎಳೆಯಿತು. ಮಾನ್ಪಾಡಾದಿಂದ ಡೊಂಬಿವಿಲಿ ಒಳಗೆ ತಿರುಗಿಸಿದೆ. ಬಿಸಿಲು ಇಳಿಯುತ್ತಿತ್ತು. ಒಳಗಿನ ರಸ್ತೆಯಲ್ಲಿ ದೇವಿ ಮಂಡಪ ಹಾಕಿದ್ದರು. ರಸ್ತೆಗೆ ಅಡ್ಡ ಬಿದಿರಿನ ಕಮಾನು ಕಟ್ಟಿ, ಅದರ ತುಂಬ ಲೈಟು, ಚೆಂಡುಹೂವು. ನನ್ನ ಗಾಡಿ ಅದರ ಕೆಳಗೆ ಹೋಗುತ್ತಿತ್ತು, ಆದರೆ ಮಷಿನ್ನಿನ ಮಡಚಿದ ತೋಳು ಹೋಗುವ ಹಾಗಿರಲಿಲ್ಲ.

ಒಂದೇ ಬಣ್ಣದ ಟೀಶರ್ಟ್ ಹಾಕಿದ ಮಂಡಳದ ಹುಡುಗರು ಬಂದು ಗಾಡಿಗೆ ಅಡ್ಡ ನಿಂತರು. ಹಿಂದೆ ತೊಗೋ ಎಂದರು. ಹಿಂದೆ ತೊಗೊಳ್ಳಲು ಆಗುವುದಿಲ್ಲ, ಕಮಾನು ಸ್ವಲ್ಪ ಎತ್ತಿ ಎಂದೆ.

“ದೇವೀಚಿ ಕಮಾನ್ ಆಹೇ,” ಎಂದ ಒಬ್ಬ. ದೇವಿಯ ಕಮಾನು, ಮುಟ್ಟುವ ಹಾಗಿಲ್ಲ ಎಂದು.

ನಾನು ಮರಾಠಿಯಲ್ಲಿ ಬೇಡಿಕೊಂಡೆ. ಅವರು ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ನನಗೆ ಸಿಟ್ಟು ಬಂತು. ಒಬ್ಬನ ಎದೆ ಮೇಲೆ ಕೈ ಹಾಕಿ ತಳ್ಳಿದೆ. ಅವರೆಲ್ಲ ನನ್ನನ್ನು ಸುತ್ತುಗಟ್ಟಿದರು. ಕಾಕಾ ಇಳಿದು ಬಂದು ನಡುವೆ ನಿಂತು, ನನ್ನನ್ನು ನೋಡಿ ಕನ್ನಡದಲ್ಲಿ ಬೈದ. “ಅಲ್ಲಿ ನಿಮ್ಮ ಚಿಗವ್ವನ ಮನಿ ಕೆಡವ್ಲಿಕತ್ತಾರ, ಇಲ್ಲಿ ಇವ್ರ ಕೂಡ ಕುಸ್ತಿ ಹಿಡೀತಿಯೇನು?”

ಹಿಂದೆ ನಿಂತಿದ್ದ ಒಬ್ಬ ಹುಡುಗ ಮುಂದೆ ಬಂದ. “ಕೌನ್ಸಾ ಘರ್, ಕಾಕಾ? ಕನ್ನಡ ಸಮಝ್ತಾ ಹೈ ಮೇರೆ ಕೊ,” ಎಂದ. ಯಾವ ಮನೆ, ನನಗೆ ಕನ್ನಡ ತಿಳಿಯುತ್ತದೆ ಎಂದು. ಕಾಕಾ ಕನ್ನಡದಲ್ಲೇ ಹೇಳಿದ, ನಾಲಾ ಬದಿ, ಘಟ್ಟ ಹಾಕಿದ್ದಾಳೆ ಎಂದು. ಅವನು ಹಿಂದಿಯಲ್ಲೇ ಇನ್ನೂ ಒಂದೆರಡು ಮಾತು ವಿಚಾರಿಸಿದ. ಆಮೇಲೆ ತನ್ನವರಿಗೆ ಮರಾಠಿಯಲ್ಲಿ ಏನೋ ಹೇಳಿದ. ನಗು ನಿಂತಿತು. ನಾನು ತಳ್ಳಿದ ಹುಡುಗನೇ ಹೋಗಿ ಬಿದಿರು ತಂದ. ಲೈಟಿನ ವೈರು ಬಿಚ್ಚಿ, ಕಮಾನಿನ ಎರಡೂ ಕಾಲು ಮೇಲೆತ್ತಿ, ಎಲ್ಲರೂ ಹಿಡಿದು ನಿಂತರು. ಅದಕ್ಕೂ ಹೊತ್ತು ಹೋಯಿತು. ನಾನು ಆಮೆ ಹಾಗೆ ಕೆಳಗಿಂದ ದಾಟಿಸಿದೆ. ಒಂದೆರಡು ಹೂವಿನ ಸರ ಮಷಿನ್ನಿಗೆ ಸಿಕ್ಕಿ ಬಂದವು.

ನಾಲಾ ಹತ್ತಿರ ಬಂದಾಗ ಇನ್ನೂ ಬೆಳಕಿತ್ತು.

ಸಾಲು ಇರಲಿಲ್ಲ. ಮೊದಲು ಮನೆಗಳು ಅಡ್ಡ ಇದ್ದು ನಾಲಾ ಕಾಣುತ್ತಿರಲಿಲ್ಲ, ಈಗ ಕಾಣುತ್ತಿತ್ತು. ಇಟ್ಟಂಗಿ, ತಗಡು, ನೀಲಿ ತಾಡಪತ್ರಿ ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಜೆಸಿಬಿ ದಂಡೆಯಲ್ಲಿ ನಿಂತಿತ್ತು. ಅದರ ಡ್ರೈವರ್ ನೆರಳಲ್ಲಿ ಕೂತು ವಡಾಪಾವ್ ತಿನ್ನುತ್ತಿದ್ದ. ಅವನೂ ನನ್ನ ಹಾಗೆ ಬಾಡಿಗೆ ಮನುಷ್ಯ. ಅವನ ಮೇಲೆ ನನಗೇನೂ ಸಿಟ್ಟು ಬರಲಿಲ್ಲ.

ಸಾಲಿನ ಹೆಂಗಸರು ನಲ್ಲಿ ಹತ್ತಿರ ಗುಂಪಾಗಿ ಕೂತಿದ್ದರು. ನನ್ನ ಗಾಡಿ ನೋಡಿದರು. ಹೋಳಿಗೆಗೆ ಬೇಳೆ ಇಟ್ಟಿದ್ದಳಲ್ಲ, ಆ ಬಾಜೂ ಮನೆಯವಳು ಎದ್ದು ನಿಂತಳು.

“ಬಂತ ನೋಡ್ರೆ,” ಎಂದಳು ಬೇರೆಯವರಿಗೆ. “ಬಂತ ನಾವ್ ಕಾಯಾಕತ್ತಿದ್ದ ಮಷಿನ್.”

ಯಾರೂ ನಗಲಿಲ್ಲ. ನಾನು ಇಳಿದೆ.

ನಡೆದದ್ದನ್ನು ಅವಳೇ ಹೇಳಿದಳು, ಬೈಯುತ್ತಾ ಹೇಳಿದಳು. ಮಧ್ಯಾಹ್ನ ಪೊಲೀಸರು ಬಂದು ಸಾಮಾನು ತೆಗೆಯಿರಿ ಎಂದು ಕೂಗಿ ಹೇಳಿದ್ದರಂತೆ. ಚಿಗವ್ವ ಮುಂದೆ ಹೋಗಿ, ಮಷಿನ್ ಇನ್ನೂ ಬಂದಿಲ್ಲ, ನಮ್ಮ ಹುಡುಗನ ಗಾಡಿಯಲ್ಲಿ ಇದೆ, ಅವನು ಕಾಟೈದಲ್ಲಿ ನಿಂತಿದ್ದಾನೆ ಎಂದು ಕನ್ನಡದಲ್ಲೇ ಹೇಳಿದಳಂತೆ. ಸಾಹೇಬರಿಗೆ ತಿಳಿಯಲಿಲ್ಲ. ಸಾಲಿನವರಿಗೆ ತಿಳಿಯಿತು. ಚಿಗವ್ವ ಇಷ್ಟು ಗಟ್ಟಿಯಾಗಿ ಹೇಳುವಾಗ ಖರೇ ಇರಬೇಕು ಎಂದು ಯಾರೂ ಸಾಮಾನು ಎತ್ತಲಿಲ್ಲ. ಹಿಂದಿನ ತಿರುವಿನಿಂದ ಜೆಸಿಬಿ ಬಂದಾಗ ಒಲೆ ಉರಿಯುತ್ತಿತ್ತಂತೆ. ಆಮೇಲೆ ಓಡಾಡಿ ಕೈಗೆ ಸಿಕ್ಕಿದ್ದು ತೆಗೆದರು. ಸಿಗದ್ದು ಒಳಗೇ ಹೋಯಿತು.

“ನಿಮ್ಮ ಚಿಗವ್ವ ಏನೂ ತೆಗೀಲಿಲ್ಲ,” ಎಂದಳು. “ಘಟ್ಟದ ಮುಂದ ಕುಂತಿದ್ಲು. ಏಳಬೇ ಅಂದ್ರ ಏಳವಲ್ಲಳು.”

ಅವಳನ್ನು ಎಬ್ಬಿಸಲು ಒಬ್ಬ ಹೆಂಗಸು ಪೊಲೀಸ್ ಒಳಗೆ ಹೋದಳಂತೆ. ಮರಾಠಿಯವಳು. ಬಾಗಿಲಲ್ಲಿ ನಿಂತು ಘಟ್ಟ ನೋಡಿ, ಬೂಟು ಬಿಚ್ಚಿಟ್ಟು ಒಳಗೆ ಬಂದಳಂತೆ. ನಮ್ಮ ಮನೆಯಲ್ಲೂ ಕೂರಿಸಿದ್ದೇವೆ ಆಯಿ ಎಂದಳಂತೆ. ಚಿಗವ್ವ ತಾನು ಮುಟ್ಟುವುದಿಲ್ಲ, ನಾಳೆ ತನಕ ಮುಟ್ಟಬಾರದು ಎಂದು ಕೈ ಹಿಂದೆ ಕಟ್ಟಿಕೊಂಡಳಂತೆ. ಕೊನೆಗೆ ಆ ಪೊಲೀಸ್ ಹೆಂಗಸೇ ನಮಸ್ಕಾರ ಮಾಡಿ, ಕೊಡ, ಮಣ್ಣು, ಸಸಿ ಎಲ್ಲ ಸೇರಿಸಿ ಪರಾತದ ಸಮೇತ ಎತ್ತಿಕೊಂಡು ಹೊರಗೆ ಬಂದಳು. ದೀಪವನ್ನು ಬಾಜೂ ಮನೆಯವಳು ಹಿಡಿದಳು. ಪಕ್ಕದ ತಗಡು ಬಿದ್ದ ಗಾಳಿಗೆ ದೀಪ ಆರಿತು. ಮತ್ತೆ ಹಚ್ಚೋಣ ಎಂದು ಎಲ್ಲರೂ ಹೇಳಿದರು. ಚಿಗವ್ವ ಬೇಡ ಎಂದಳು.

ಅವಳು ನಲ್ಲಿಯ ಆಚೆ ಗೋಡೆಗೆ ಒರಗಿ ಒಬ್ಬಳೇ ಕೂತಿದ್ದಳು. ನಾನು ಹೋಗಿ ಮುಂದೆ ಕೂತೆ.

“ಬಂದ್ಯಾ,” ಎಂದಳು.

“ನನಗ ಗೊತ್ತಿರಲಿಲ್ಲ ಚಿಗವ್ವಾ. ಅದು ಬ್ಯಾರೆ ಮಷಿನ್.”

“ಹೂಂ.”

“ನಾ ಫೋನ್ ಮಾಡೀನಿ. ಭಾಳ ಸಲ ಮಾಡೀನಿ.”

“ಫೋನ್ ಒಳಗ ಉಳದೈತಿ,” ಎಂದಳು. “ನನಗೇನೂ ಅನಸಂಗಿಲ್ಲ ತಮ್ಮಾ. ಆ ಮಂದಿಗೆ ನಾ ಹೇಳಿ ಕುಂದ್ರಿಸಿದ್ನಲ್ಲೋ. ಅವ್ರ ಮಾರಿ ಹೆಂಗ ನೋಡ್ಲಿ?” ಎಂದಳು.

ಅವಳಿಗೆ ಹೇಳಿದ್ದು ನಾನು. ಅದನ್ನು ಅವಳು ಅನ್ನಲಿಲ್ಲ.

ಕಾಕಾ ದೂರದಲ್ಲಿ ನಿಂತಿದ್ದ. ಸಾಹೇಬರ ಕಡೆಯವನು ಒಬ್ಬ ಬಂದು, ಮಷಿನ್ ಇಳಿಸಿ ಗಾಡಿ ತೆಗೆಯಿರಿ, ದಾರಿ ಬಂದ್ ಆಗಿದೆ ಎಂದು ಅವಸರ ಮಾಡಿದ. ನಾನು ಎದ್ದು ಹೋಗಿ ಸರಪಳಿ ಬಿಚ್ಚಿದೆ. ಕೈ ಮಾಡಿದೆ. ಕಾಕಾ ಇಳಿಸಿದ. ಬೆಳಿಗ್ಗೆಯ ಹಾಗೆ ಅವನು ಏನೂ ಕೂಗಲಿಲ್ಲ. ಸಾಲಿನವರು ಎಲ್ಲ ನೋಡುತ್ತಿದ್ದರು. ಮಷಿನ್ ಚಿಗವ್ವನ ಖೋಲಿ ಇದ್ದ ಜಾಗದ ಮೇಲೆ ಹಾದು ನಾಲಾ ಕಡೆಗೆ ಹೋಗಿ ನಿಂತಿತು. ಹಾದು ಹೋಗಲು ಬೇರೆ ಜಾಗ ಇರಲಿಲ್ಲ.

ಟ್ರೈಲರ್ ಖಾಲಿ ಆಯಿತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಸಾಮಾನು ಅದರ ಮೇಲೆ ಹೇರಲು ಶುರು ಮಾಡಿದೆವು. ಡೊಂಕಾದ ತಗಡು, ಟ್ರಂಕು, ಕೊಡ, ಒಂದು ಫ್ರಿಜ್ಜು. ಕಾಕಾ ತಗಡುಗಳ ಕೆಳಗಿಂದ ಹುಡುಕಿ ಹುಡುಕಿ ತಂದುಕೊಟ್ಟ. ಬೈಯುತ್ತಿದ್ದ ಬಾಜೂ ಮನೆಯವಳೂ ತನ್ನ ಟ್ರಂಕು ನನ್ನ ಕೈಗೇ ಕೊಟ್ಟಳು. ಸೇಟ್ ಫೋನ್ ಮಾಡಿದ, ಎತ್ತಲಿಲ್ಲ. ಚಿಗವ್ವನದು ಒಂದು ಚೀಲವೂ ತುಂಬಲಿಲ್ಲ. ಘಟ್ಟದ ದೀಪ ಅವಳು ಹಚ್ಚಲಿಲ್ಲ, ಘಟ್ಟ ಬಿಡಲೂ ಇಲ್ಲ. ಪರಾತ ಹಾಗೇ ಸೆರಗಿನಿಂದ ಮುಚ್ಚಿ ಕೈಯಲ್ಲಿ ಹಿಡಿದುಕೊಂಡಳು.

ಮುಂದೆ ಬಂದು ಕೂರು ಎಂದೆ. ಬರಲಿಲ್ಲ. ಹಿಂದೆ ಹಲಗೆ ಮೇಲೆ ಸಾಲಿನವರ ಜೊತೆ ಕೂತಳು. ಅವಳ ಸುತ್ತ ಸ್ವಲ್ಪ ಜಾಗ ಬಿಟ್ಟು ಬೇರೆಯವರು ಕೂತರು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು.

ಚಿಗವ್ವನಿಗೆ ಖೋಲಿ ನೋಡಿದ್ದ ದಿವಾ ಕಡೆ ಹೊರಟೆ, ಸಾಲಿನವರೂ ಸದ್ಯಕ್ಕೆ ಅಲ್ಲಿಗೇ. ಮಾನ್ಪಾಡಾದ ಮೂಲೆಗೆ ಬರುವಷ್ಟರಲ್ಲಿ ಸಂಜೆಯ ಬಂದ್ ಶುರುವಾಗಿತ್ತು. ಪೊಲೀಸ್ ಕೋಲು ಅಡ್ಡ ಹಿಡಿದ. ಹಿಂದೆ ಮಂದಿ ಇದ್ದಾರೆ, ಮನೆ ಹೋದವರು ಎಂದೆ. ನೋಡಿದ. ದೊಡ್ಡ ಗಾಡಿ ದೊಡ್ಡ ಗಾಡಿಯೇ, ನಿಲ್ಲಿಸು ಎಂದ.

ಇಳಿದು ಹಿಂದೆ ಹೋದೆ. ಹಲಗೆ ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಅವಳ ಕಾಲು ನನ್ನ ಮುಖದ ಮುಂದೆ ಇತ್ತು.

“ಮತ್ತ ನಿಂದ್ರಿಸ್ಯಾರ, ಚಿಗವ್ವಾ,” ಎಂದೆ.

“ನಿಂದ್ರಸ್ಲಿ,” ಎಂದಳು. “ಈಗೇನ್ ಅವಸರ ಐತಿ?”

ಅಷ್ಟೇ ನಡೆದದ್ದು. ಇದಕ್ಕೆ ಸೇರಿಸಲು ನನ್ನ ಹತ್ತಿರ ಇನ್ನೇನೂ ಇಲ್ಲ.